ಮದುವೆ ಮನೆಯ ಪೆಟ್ಟಿಗೆಗೆ ಮೂರು ತಂತಿ

ದಾವಣಗೆರೆಯ ನಿಟುವಳ್ಳಿಯಲ್ಲಿ ನನ್ನದೊಂದು ಮೋಟರ್ ರಿವೈಂಡಿಂಗ್ ಅಂಗಡಿ ಇದೆ. 22 ವರ್ಷದಿಂದ ಇದೇ ಕೆಲಸ. ಬೇಸಿಗೆ ಬಂತೆಂದರೆ ಬೋರ್‌ವೆಲ್ ನೀರು ಆಳಕ್ಕೆ ಇಳಿಯುತ್ತದೆ, ಸುಟ್ಟ ಮೋಟರ್‌ಗಳು ಅಂಗಡಿ ಮುಂದೆ ಸಾಲಾಗಿ ಬಂದು ಕೂರುತ್ತವೆ. ಮಳೆ ಹಿಡಿದು, ಭದ್ರಾ ನಾಲೆಗೆ ನೀರು ಬಿಟ್ಟ ಮೇಲೆ ಕೈ ಖಾಲಿ. ಹೋದ ವರ್ಷ ಅಂಥ ಖಾಲಿ ದಿನಗಳಲ್ಲಿ ನಾನೊಂದು ತಂತಿ ವಾದ್ಯ ಮಾಡಿದೆ. ಮಾಡಿದ್ದು ಅವ್ವನಿಗೋಸ್ಕರ.

ಅವ್ವನಿಗೆ ಈಗ 71. ಸೋಮವಾರ ರಾತ್ರಿ ಬಸವಣ್ಣನ ಗುಡಿಯ ಭಜನೆ ತಪ್ಪಿಸುವವಳಲ್ಲ. ಅಲ್ಲಿ ಮೊದಲು ಒಬ್ಬ ಅಜ್ಜ ಏಕತಾರಿ ಹಿಡಿದು ಕೂರುತ್ತಿದ್ದ. ಸೋರೆ ಬುರುಡೆ, ಬಿದಿರಿನ ದಂಡಿ, ಒಂದೇ ತಂತಿ. ಅಜ್ಜ ತೀರಿಕೊಂಡ ಮೇಲೆ ಏಕತಾರಿಯೂ ಇಲ್ಲದಾಯಿತು. ಹುಡುಗರು ಮೊಬೈಲಿನಲ್ಲಿ ತಂಬೂರಿ ಶ್ರುತಿ ಹಾಕಿ ಇಟ್ಟರು. ಅವ್ವನಿಗೆ ಅದು ಒಗ್ಗಲಿಲ್ಲ. "ಅದಕ್ಕೆ ಮೀಟೋ ಕೈನೇ ಇಲ್ಲ, ನಾನು ಉಸಿರು ತಗೊಳ್ಳೋವಾಗ ಅದು ಕಾಯಲ್ಲ" ಅಂದಳು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಪೆಟ್ಟಿಗೆ ಸಿಕ್ಕಿದ್ದು ತಂಗಿ ಮಗಳ ಮದುವೆಯಲ್ಲಿ. ಗೋಡಂಬಿ, ಬಾದಾಮಿ, ಒಣದ್ರಾಕ್ಷಿ ತುಂಬಿ ಬೀಗರು ಕೊಟ್ಟ ಮರದ ಪೆಟ್ಟಿಗೆ. 30 ಸೆಂ.ಮೀ. ಉದ್ದ, 20 ಅಗಲ, 7 ಎತ್ತರ. ಮೇಲಿನ ಮುಚ್ಚಳ 3 ಮಿ.ಮೀ. ಪ್ಲೈವುಡ್, ಅದಕ್ಕೆ ಹಿತ್ತಾಳೆ ಬಣ್ಣದ ಎರಡು ಕೀಲು, ಮುಂದೆ ಒಂದು ಚಿಲಕ. ದ್ರಾಕ್ಷಿ ಮುಗಿದ ಮೇಲೆ ಮನೆಯವಳು ಅದರಲ್ಲಿ ಸೂಜಿ ದಾರ ಇಟ್ಟುಕೊಂಡಿದ್ದಳು. ಒಂದು ದಿನ ಸುಮ್ನೆ ಬೆರಳ ಗೆಣ್ಣಿನಿಂದ ಮುಚ್ಚಳ ಬಡಿದು ನೋಡಿದೆ. ಒಳ್ಳೆಯ ಗುಂಡು ಸದ್ದು, ತಮಟೆ ಕಾಯಿಸಿದ ಹಾಗೆ. ಅದೇ ಸೈಜಿನ ಇನ್ನೊಂದು ಪೆಟ್ಟಿಗೆ ಇತ್ತು, ಹೊಟ್ಟು ಒತ್ತಿ ಮಾಡಿದ ದಪ್ಪ ಹಲಗೆಯದು. ಬಡಿದರೆ ರಟ್ಟಿನ ಸದ್ದು. ನೀವು ಮಾಡುವುದಾದರೆ ಪೆಟ್ಟಿಗೆಯ ಅಂದ ನೋಡಬೇಡಿ, ಬಡಿದು ಕೇಳಿ.

ಇಂಥ ವಾದ್ಯ ಹೊಸದೇನಲ್ಲ. ಅಮೆರಿಕದಲ್ಲಿ ಸಿಗಾರ್ ತುಂಬಿ ಮಾರುತ್ತಿದ್ದ ತೆಳು ಮರದ ಪೆಟ್ಟಿಗೆಗಳಿಗೆ ಬಡವರು ಕೋಲು ಸಿಕ್ಕಿಸಿ ತಂತಿ ಕಟ್ಟುತ್ತಿದ್ದರು. ಅಲ್ಲಿನ ಅಂತರ್ಯುದ್ಧದ ಸೈನಿಕರು ಸಿಗಾರ್ ಪೆಟ್ಟಿಗೆಯ ಪಿಟೀಲು ನುಡಿಸುವ ಒಂದು ಚಿತ್ರವನ್ನು ಎಡ್ವಿನ್ ಫೋರ್ಬ್ಸ್ ಎಂಬ ಕಲಾವಿದ ಬಿಡಿಸಿದ್ದಾನೆ, 1876ರಲ್ಲಿ ಅದು ಅಚ್ಚಾಯಿತು. ನಮ್ಮ ಕಡೆ ಚೌಡಿಕೆ ಇದೆಯಲ್ವಾ? ಉಚ್ಚಂಗಿದುರ್ಗಕ್ಕೆ ಹುಣ್ಣಿಮೆಗೆ ಹೋದಾಗ ಜೋಗತಿಯರ ಕೈಯಲ್ಲಿ ನೋಡಿರುತ್ತೀರಿ. ಮರದ ಕೊಳಗದಂಥ ಗೂಡು, ತಳಕ್ಕೆ ಚರ್ಮ, ಚರ್ಮದ ನಡುವಿನಿಂದ ಹೊರಟ ಒಂದೇ ತಂತಿ. ತೆಳ್ಳಗಿನದೊಂದು ಬೇಕು, ಅದರ ಹಿಂದೆ ಗಾಳಿ ಬೇಕು, ಅದನ್ನು ಅಲುಗಿಸುವ ತಂತಿ ಬೇಕು. ಚೌಡಿಕೆಯಲ್ಲಿ ಚರ್ಮ ಮಾಡುವ ಕೆಲಸವನ್ನು ನನ್ನ ಪೆಟ್ಟಿಗೆಯಲ್ಲಿ ಪ್ಲೈವುಡ್ ಮುಚ್ಚಳ ಮಾಡಬೇಕು.

ದಂಡಿಗೆ ಮರ ಕೊಟ್ಟದ್ದು ನಮ್ಮ ಓಣಿಯ ಬಡಿಗೇರ ಅಜ್ಜ. ಯಾರದೋ ಮನೆ ಕೆಡವಿದಾಗ ತಂದ ಕಿಟಕಿ ಚೌಕಟ್ಟಿನ ಸಾಗುವಾನಿ. "ಇದು ಐವತ್ತು ವರ್ಷ ಬಿಸಿಲು ಮಳೆ ಕಂಡದ್ದು, ಇನ್ನು ಸೊಟ್ಟ ಆಗಲ್ಲ ತಗೊಳಪ್ಪ" ಅಂದ. 85 ಸೆಂ.ಮೀ. ಉದ್ದ, 38 ಮಿ.ಮೀ. ಅಗಲ, 20 ಮಿ.ಮೀ. ದಪ್ಪಕ್ಕೆ ಸೀಳಿಸಿ, ರಂದಾ ಹೊಡೆಸಿಕೊಂಡು ಬಂದೆ. ಪೆಟ್ಟಿಗೆಯ ಎರಡೂ ತುದಿಗೆ ಚೌಕ ತೂತು ಕೊರೆದು ದಂಡಿಯನ್ನು ಈ ಕಡೆಯಿಂದ ಆ ಕಡೆಗೆ ತೂರಿಸಿದೆ. ತಂತಿಯ ಎಳೆತವನ್ನೆಲ್ಲ ಮರವೇ ಹೊರಬೇಕು, ಪೆಟ್ಟಿಗೆಯ ಮೇಲೆ ಬೀಳಬಾರದು ಅನ್ನುವುದು ಲೆಕ್ಕ. ಮೂರು ತಂತಿ ಸೇರಿ ಸುಮಾರು 20 ಕೆ.ಜಿ. ಎಳೆಯುತ್ತವೆ. ತೆಳು ಪ್ಲೈವುಡ್ಡಿಗೆ ಅಷ್ಟು ಭಾರ ಕಟ್ಟಿದರೆ ವಾರದಲ್ಲಿ ಬಾಗುತ್ತದೆ.

ತಂತಿಯ ವಿಷಯದಲ್ಲಿ ಮೊದಲು ಎಡವಿದೆ. ಅಂಗಡಿ ತುಂಬ ವೈಂಡಿಂಗ್ ವೈರ್ ಇರುವಾಗ ಹೊರಗೆ ಯಾಕೆ ಕೊಳ್ಳಬೇಕು ಅನ್ನಿಸಿತ್ತು. 22 ಗೇಜಿನ ತಾಮ್ರ ಕಟ್ಟಿ, ತಂತಿ ಬಿಗಿಯುವ ಬಿರಡೆ ತಿರುವಿದೆ. ಸ್ವರ ಏರಿತು, ಹಾಗೇ ಇಳಿಯಿತು. ಮತ್ತೆ ತಿರುವಿದೆ, ಮತ್ತೆ ಇಳಿಯಿತು. ಐದು ನಿಮಿಷದಲ್ಲಿ ತಂತಿ ಬೆರಳಷ್ಟು ಉದ್ದವಾಗಿ ಕೊನೆಗೆ ತುಂಡಾಯಿತು. ವೈಂಡಿಂಗ್ ತಾಮ್ರವನ್ನು ಕಾಯಿಸಿ ಮೆತ್ತಗೆ ಮಾಡಿರುತ್ತಾರೆ, ಮೋಟರಿನ ಸ್ಲಾಟ್ ಸಂದಿಯೊಳಗೆ ಹೇಳಿದ ಹಾಗೆ ಬಾಗಲಿ ಅಂತ. ಬಾಗಿದ ಕಡೆ ಸುಮ್ಮನೆ ಕೂರುವುದೇ ಅದರ ಗುಣ. ವಾದ್ಯಕ್ಕೆ ಬೇಕಾದ್ದು ಎಳೆದರೂ ತನ್ನ ಉದ್ದಕ್ಕೆ ವಾಪಸ್ ಬರುವ ಉಕ್ಕು. ದಿನವೂ ಕೈಯಲ್ಲಿ ಹಿಡಿಯುವ ವಸ್ತುವಿನ ಬಗ್ಗೆ ಇದು ನನಗೆ ಆ ದಿನ ತಿಳಿಯಿತು.

ಕಡೆಗೆ ಗಿಟಾರಿನ ಒಂದು ಸೆಟ್ ಸ್ಟೀಲ್ ತಂತಿ ತಂದೆ. ಆರರಲ್ಲಿ 3, 4, 5ನೆಯವು ಮಾತ್ರ ಬೇಕು. ಅಭ್ಯಾಸಬಲದಿಂದ ಮೈಕ್ರೋಮೀಟರ್ ಹಿಡಿದು ಅಳೆದೆ. 3ನೆಯದು 0.43 ಮಿ.ಮೀ., ನಮ್ಮ ಲೆಕ್ಕದಲ್ಲಿ 26ಕ್ಕೂ 27ಕ್ಕೂ ನಡುವಿನ ಗೇಜು. 5ನೆಯದು 0.91, ಅಂದರೆ ಸರಿಯಾಗಿ 20 ಗೇಜು. ಆದರೆ ಅದು ಒಂದೇ ತಂತಿಯಲ್ಲ. ನಡುವೆ ಸಣ್ಣ ಉಕ್ಕಿನ ಎಳೆ, ಅದರ ಮೇಲೆ ಇನ್ನೊಂದು ತಂತಿಯನ್ನು ಒತ್ತೊತ್ತಾಗಿ ಸುತ್ತಿದ್ದಾರೆ. ಲೆನ್ಸ್ ಇಟ್ಟು ಬಹಳ ಹೊತ್ತು ನೋಡಿದೆ. ಒಂದು ಸುತ್ತು ಇನ್ನೊಂದರ ಮೇಲೆ ಹತ್ತಿಲ್ಲ, ಎಲ್ಲೂ ಸಂದಿ ಬಿಟ್ಟಿಲ್ಲ. ಇದೂ ವೈಂಡಿಂಗೇ! ಕೆಳಗಿನ ಸ್ವರಕ್ಕೆ ತಂತಿ ಭಾರ ಇರಬೇಕು. ಇಡೀ ದಪ್ಪವೂ ಒಂದೇ ಉಕ್ಕಾದರೆ ಕಂಬಿಯ ಹಾಗೆ ಬಿರುಸಾಗಿ ಸ್ವರ ಕೆಡುತ್ತದೆ. ಸುತ್ತಿದರೆ ಭಾರವೂ ಬರುತ್ತದೆ, ಬಳುಕೂ ಉಳಿಯುತ್ತದೆ.

ಬಿರಡೆಗೆ ಮೊದಲು ಬೇವಿನ ಮರ ಕೆತ್ತಿದ್ದೆ. ಮಳೆಗಾಲದ ತೇವಕ್ಕೆ ಉಬ್ಬಿ ತಿರುಗಲಿಲ್ಲ, ಒಣಗಿದ ಮೇಲೆ ನಿಲ್ಲಲಿಲ್ಲ. ಗಿಟಾರಿನ ಹಲ್ಲು ಚಕ್ರದ ಕಿವಿ ಮೂರು ತಂದು ಹಾಕಿದೆ, ಅಲ್ಲಿಗೆ ಆ ತಲೆನೋವು ಮುಗಿಯಿತು. ದಂಡಿಯ ತುದಿಯಲ್ಲಿ ತಂತಿ ಕೂರಲು ಒಂದು 8 ಎಂಎಂ ಬೋಲ್ಟ್, ಮುಚ್ಚಳದ ಮೇಲೆ ತಂತಿಯನ್ನು ಎತ್ತಿ ಹಿಡಿಯುವ ಕುದುರೆಯಾಗಿ ಇನ್ನೊಂದು. ಬೋಲ್ಟಿನ ತಿರುಪಿನ ಸಂದಿಯಲ್ಲಿ ತಂತಿ ಕೂತರೆ ಅತ್ತಿತ್ತ ಜಾರುವುದಿಲ್ಲ. ಕುದುರೆಗೆ ಅಂಟು ಹಾಕಬೇಡಿ. ತಂತಿಯ ಒತ್ತಡಕ್ಕೇ ಅದು ನಿಲ್ಲುತ್ತದೆ, ಬೇಕಾದಾಗ ಹಿಂದೆ ಮುಂದೆ ಸರಿಸಬಹುದು.

ಎಲ್ಲ ಕೂಡಿಸಿ, ಮುಚ್ಚಳವನ್ನು ದಂಡಿಗೂ ಪೆಟ್ಟಿಗೆಗೂ ಫೆವಿಕಾಲ್ ಹಚ್ಚಿ ಅಂಟಿಸಿ, ಒಂದು ರಾತ್ರಿ ಒಣಗಲು ಬಿಟ್ಟೆ. ಬೆಳಿಗ್ಗೆ ತಂತಿ ಕಟ್ಟಿ ಮೀಟಿದರೆ ಸದ್ದೇ ಇಲ್ಲ. ಇದೆ, ಆದರೆ ಪಕ್ಕದ ಕೋಣೆಗೆ ಕೇಳುವುದಿಲ್ಲ. ಅವ್ವ ಕಾಫಿ ಲೋಟ ಹಿಡಿದು ಬಂದವಳು ಒಂದು ಸಲ ಕೇಳಿ, "ಇದಕ್ಕೆ ಗಂಟ್ಲು ಕಟ್ಟಿದೆ ಕಣೋ" ಅಂದಳು.

ಹೌದು, ಗಂಟಲು ಕಟ್ಟಿತ್ತು. ಕಟ್ಟಿದವನು ನಾನೇ. ಮುಚ್ಚಳದ ಅಡಿಗೆ ಉದ್ದಕ್ಕೂ ಸಾಗುವಾನಿ ದಂಡಿ ಅಂಟಿಕೊಂಡು ಕೂತಿದೆ. 3 ಮಿ.ಮೀ. ಹಲಗೆ ಹೋಗಿ 23 ಮಿ.ಮೀ. ದಪ್ಪದ ತೊಲೆ ಆಗಿದೆ. ಅದನ್ನು ತಂತಿ ಹೇಗೆ ಅಲುಗಿಸಬೇಕು? ಬಡಿದು ನೋಡಿದೆ. ಮೊದಲ ದಿನ ಕೇಳಿದ್ದ ಗುಂಡು ಸದ್ದು ಪೂರ್ತಿ ಹೋಗಿತ್ತು. ಪೆಟ್ಟಿಗೆ ಆರಿಸುವಾಗ ಕಿವಿಗೊಟ್ಟವನು ಅಂಟಿಸುವಾಗ ಕಿವಿ ಮುಚ್ಚಿಕೊಂಡಿದ್ದೆ. ಆ ದಿನ ಬೇರೆ ಕೆಲಸ ಮಾಡಲು ಮನಸ್ಸೇ ಬರಲಿಲ್ಲ.

ಬಿಚ್ಚುವ ಉಪಾಯ ಬಡಿಗೇರ ಅಜ್ಜ ಹೇಳಿದ. ಉಳಿ ಹಾಕಬೇಡ, ಪ್ಲೈವುಡ್ಡಿನ ಪದರ ಕಿತ್ತು ಬರುತ್ತದೆ. ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಪೆಟ್ಟಿಗೆ ಇಡು. ಹಾಗೇ ಮಾಡಿದೆ. ಬಿಸಿಗೂ ತೇವಕ್ಕೂ ಅಂಟು ಬೆಣ್ಣೆಯಂತೆ ಮೆತ್ತಗಾಯಿತು. ಸಣ್ಣ ಚಾಕು ತೂರಿಸುತ್ತಾ ಹೋದರೆ ಅರ್ಧ ಗಂಟೆಯಲ್ಲಿ ಮುಚ್ಚಳ ಇಡಿಯಾಗಿ ಕೈಗೆ ಬಂತು. ಆಮೇಲೆ ದಂಡಿಯ ಪೆಟ್ಟಿಗೆಯೊಳಗಿನ ಭಾಗವನ್ನು ಇನ್ನೂ 3 ಮಿ.ಮೀ. ಕೆತ್ತಿ ತಗ್ಗಿಸಿದೆ. ಈಗ ಮುಚ್ಚಳ ನಾಲ್ಕು ಅಂಚಿಗೆ ಮಾತ್ರ ಅಂಟಿದೆ. ನಡುವೆ ಅದಕ್ಕೂ ದಂಡಿಗೂ ಗಾಳಿ ಆಡುವಷ್ಟು ಸಂದಿ. ಮೇಲಿನ ಎರಡು ಮೂಲೆಗೆ ಹೋಲ್ ಸಾ ಹಾಕಿ 25 ಮಿ.ಮೀ. ತೂತು ತೆಗೆದೆ, ಕುದುರೆಯಿಂದ ಆದಷ್ಟು ದೂರ. ಮತ್ತೆ ತಂತಿ ಕಟ್ಟಿ ಮೀಟಿದಾಗ ಅಂಗಡಿ ಹುಡುಗ ಹೊರಗಿನಿಂದ ಓಡಿ ಬಂದ. "ಅಣ್ಣಾ, ಅದೇನಾ ಇದು?" ಅಂದ. ಅದೇ ಪೆಟ್ಟಿಗೆ, ಅದೇ ತಂತಿ. ಮಧ್ಯೆ 3 ಮಿ.ಮೀ. ಗಾಳಿ ಬಂದಿತ್ತು, ಅಷ್ಟೇ.

ಸದ್ದು ಬಂತು, ಜೊತೆಗೆ ಒಂದು ಕರಕರೆಯೂ ಬಂತು. ದಪ್ಪ ತಂತಿ ಮೀಟಿದರೆ ಎಲ್ಲೋ ಸಣ್ಣಗೆ ಜೀರುಂಡೆ ಕೂಗಿದ ಹಾಗೆ ಗರ್ರ್ ಅನ್ನುತ್ತದೆ. ಬೋಲ್ಟ್ ಬಿಗಿ ಮಾಡಿದೆ, ಕಿವಿಗಳ ಸ್ಕ್ರೂ ಬಿಗಿ ಮಾಡಿದೆ, ತಂತಿಯ ಬಾಲ ಕತ್ತರಿಸಿದೆ. ಎರಡು ರಾತ್ರಿ ಹೋಯಿತು. ಮೂರನೆಯ ದಿನ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಮೋಟರ್ ಬೇರಿಂಗ್ ಸದ್ದು ಮಾಡಿದರೆ ನಾವು ಏನು ಮಾಡುತ್ತೇವೆ? ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಮನೆಯ ಮೇಲೆ ಇಟ್ಟು ಹಿಡಿಯನ್ನು ಕಿವಿಯ ಮೂಳೆಗೆ ಒತ್ತುತ್ತೇವೆ. ಒಳಗಿನ ಗೋಲಿ ಸವೆದಿದೆಯೋ, ಗ್ರೀಸ್ ಒಣಗಿದೆಯೋ ತಿಳಿದುಬಿಡುತ್ತದೆ. ಹುಡುಗನಿಗೆ ತಂತಿ ಮೀಟಲು ಹೇಳಿ ಪೆಟ್ಟಿಗೆಯ ಮೇಲೆ ಅದನ್ನೇ ಮಾಡಿದೆ. ಕುದುರೆಯ ಹತ್ತಿರ ಶುದ್ಧ ನಾದ. ಬದಿಗೆ ಸರಿದೆ, ಅಲ್ಲೂ ಚೆನ್ನ. ಹಿಂದಿನ ಕೀಲಿನ ಮೇಲೆ ಇಟ್ಟ ಕೂಡಲೇ ಕಿವಿಯಲ್ಲಿ ಗರ್ರ್. ಮುಚ್ಚಳ ಅಂಟಿಸಿದ ಮೇಲೆ ಆ ಕೀಲಿಗೆ ಕೆಲಸವೇ ಇರಲಿಲ್ಲ, ನೋಡಲು ಚೆಂದ ಅಂತ ಬಿಟ್ಟಿದ್ದೆ. ಎರಡನ್ನೂ ಬಿಚ್ಚಿ ತೆಗೆದೆ. ಚಿಲಕವನ್ನೂ ತೆಗೆದೆ. ಕರಕರೆ ನಿಂತಿತು.

ಇನ್ನು ಸ್ವರದ ಜಾಗ. ಈ ಭಾಗವನ್ನು ನಾನು ತುಂಬಾ ಇಷ್ಟಪಟ್ಟು ಮಾಡಿದೆ. ಎರಡು ಬೋಲ್ಟುಗಳ ನಡುವೆ ತಂತಿಯ ಉದ್ದವನ್ನು ಸರಿಯಾಗಿ 60 ಸೆಂ.ಮೀ. ಇಟ್ಟುಕೊಂಡೆ. ತಂತಿಯ ಉದ್ದ ಅರ್ಧವಾದರೆ ಕಂಪನ ಎರಡರಷ್ಟು, ಅಂದರೆ ಮೇಲಿನ ಸ. 60ರ ಅರ್ಧ 30, ಅಲ್ಲೊಂದು ಗೀಟು. ಮೂರರಲ್ಲಿ ಒಂದು ಪಾಲು ಬಿಟ್ಟರೆ ಪ, ಅದು ದಂಡಿಯ ತುದಿಯ ಬೋಲ್ಟಿನಿಂದ 20ಕ್ಕೆ. ನಾಲ್ಕರಲ್ಲಿ ಒಂದು ಪಾಲು ಬಿಟ್ಟರೆ ಮ, 15ಕ್ಕೆ. ಐದರಲ್ಲಿ ಒಂದು ಪಾಲು ಬಿಟ್ಟರೆ ಗ, 12ಕ್ಕೆ. ರಿ 6.7ಕ್ಕೆ, ದ 24ಕ್ಕೆ, ನಿ 28ಕ್ಕೆ. ಒಂದು ರಿ ಬಿಟ್ಟರೆ ಮಿಕ್ಕದ್ದೆಲ್ಲ ಪೂರ್ಣ ಸಂಖ್ಯೆ! ಟೇಪು ಹಿಡಿದು ಗೀಟು ಹಾಕುತ್ತಾ ಹೋದರೆ ಶಂಕರಾಭರಣ ಮರದ ಮೇಲೆ ತಾನೇ ಬಂದು ಕೂತಿತು. ಅದರಲ್ಲಿ ಮ, ನಿ ಎರಡನ್ನು ಮುಟ್ಟದೆ ನುಡಿಸಿದರೆ ಮೋಹನ. ಬೇರೆ ಅಳತೆಯ ದಂಡಿಯಾದರೂ ಇದೇ ಪಾಲು ಹಾಕಿ.

ವೀಣೆಗಿರುವಂಥ ಮೆಟ್ಟಿಲು ಕೂಡಿಸಲಿಲ್ಲ. ಗೊಟ್ಟುವಾದ್ಯದ ಹಾಗೆ ತಂತಿಯ ಮೇಲೆ ಜಾರಿಸಿ ನುಡಿಸುವುದು ಅಂದುಕೊಂಡೆ. ಜಾರಿಸಲು ಪಕ್ಕದ ಬೈಕ್ ಗ್ಯಾರೇಜಿನಲ್ಲಿ ಬಿಸಾಡಿದ್ದ ಪಿಸ್ಟನ್ ಪಿನ್ ಸಿಕ್ಕಿತು. ಕನ್ನಡಿಯಂತೆ ನಯ, ಕೈಗೆ ಒಳ್ಳೆಯ ಭಾರ, ಮೂರು ತಂತಿಗೂ ಸಾಲುವಷ್ಟು ಉದ್ದ. ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿಕೊಂಡೆ. ಪಿನ್ನನ್ನು ಒತ್ತಬಾರದು, ತಂತಿಯ ಮೇಲೆ ಸುಮ್ಮನೆ ಮಲಗಿಸಬೇಕು. ಗೀಟಿನ ಹಿಂದೆ ಮುಂದೆ ಅಲ್ಲ, ಸರಿಯಾಗಿ ಗೀಟಿನ ನೆತ್ತಿಯ ಮೇಲೆ. ಇಷ್ಟು ಕಲಿಯಲು ನನಗೆ ಹತ್ತು ದಿನ ಬೇಕಾಯಿತು.

ಶ್ರುತಿ ಎಲ್ಲಿಗೆ ಇಡುವುದು? ಇಂಥ ವಾದ್ಯಕ್ಕೆ ಅಮೆರಿಕದವರು ಹೆಚ್ಚಾಗಿ ಜಿ, ಡಿ, ಜಿ ಅಂತ ಇಡುತ್ತಾರೆ. ನಮ್ಮ ಮಾತಿನಲ್ಲಿ ಸ, ಪ, ಮೇಲಿನ ಸ. ಗುಡಿಯಲ್ಲಿ ಹಾರ್ಮೋನಿಯಂ ನುಡಿಸುವ ಮಾವ ಒಂದು ಸಂಜೆ ಅಂಗಡಿಗೆ ಬಂದು ಕೂತಿದ್ದರು. ಅವ್ವ ಹಾಡುವುದು ಬಿಳಿ ಐದಕ್ಕೆ. ಬಿಳಿ ಐದು ಅಂದರೆ ಜಿ ಮನೆಯೇ. ಹಾರ್ಮೋನಿಯಂ ತರದೆ ಬಂದಿದ್ದರಿಂದ ಅವರು ಗಂಟಲಲ್ಲೇ ಸ ಹಿಡಿದರು. ಹಿಡಿದವರು ತಟ್ಟನೆ ನಿಲ್ಲಿಸಿ ಹೊರಗೆ ಕೈ ತೋರಿಸಿದರು. "ನಿನ್ನ ಟಿಸಿನೇ ಹಾಡ್ತಿದೆಯಲ್ಲೋ!"

ಅಂಗಡಿ ಎದುರಿಗೆ ಕಂಬದ ಮೇಲೆ ಟಿಸಿ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್ ಇದೆ. ಹಗಲೂ ರಾತ್ರಿ ಗುಂಯ್ ಅನ್ನುತ್ತಿರುತ್ತದೆ. 22 ವರ್ಷ ಅದರ ಕೆಳಗೇ ಕೂತು ಕೆಲಸ ಮಾಡಿದ್ದೇನೆ, ಅದೊಂದು ಸ್ವರ ಅಂತ ಹೊಳೆದಿರಲಿಲ್ಲ. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತು. ಒಂದೊಂದು ಸುತ್ತಿನಲ್ಲೂ ಟಿಸಿಯೊಳಗಿನ ಕಬ್ಬಿಣದ ಪಟ್ಟಿಗಳು ಎರಡು ಸಲ ನಡುಗುತ್ತವೆ. ಹಾಗಾಗಿ ಆ ಗುಂಯ್ ಸೆಕೆಂಡಿಗೆ 100. ಕೆಳಗಿನ ಜಿ ಸ್ವರ 98. ಎರಡಕ್ಕೂ ಒಂದು ಎಳೆಯಷ್ಟೇ ವ್ಯತ್ಯಾಸ, ಟಿಸಿ ಸ್ವಲ್ಪ ಏರು. ದಪ್ಪ ತಂತಿಯನ್ನು ಮೆಲ್ಲಗೆ ಏರಿಸುತ್ತಾ ಹೋದೆ. ಹತ್ತಿರ ಬಂದಾಗ ಎರಡೂ ಸೇರಿ ವ್ವ ವ್ವ ವ್ವ ಅಂತ ಅಲೆ ಎದ್ದಿತು. ಇನ್ನಷ್ಟು ತಿರುವಿದೆ. ಅಲೆ ನಿಧಾನವಾಯಿತು, ಕೊನೆಗೆ ಕರಗಿಹೋಯಿತು. ತಂತಿ ಯಾವುದು, ಟಿಸಿ ಯಾವುದು ಗೊತ್ತಾಗದ ಹಾಗೆ. ಮಾವ ಕಣ್ಣು ಮುಚ್ಚಿಕೊಂಡು ಕೂತಿದ್ದರು. ನನಗೆ ಮೈ ಜುಮ್ಮೆಂದಿತು. ಈಗಲೂ ನಾನು ಮೊಬೈಲ್ ನೋಡುವುದಿಲ್ಲ, ಬಾಗಿಲಲ್ಲಿ ನಿಂತು ಟಿಸಿಗೆ ಶ್ರುತಿ ಮಾಡಿಕೊಳ್ಳುತ್ತೇನೆ.

ಮಾರನೇ ವಾರ ಮಾವ ಹಾರ್ಮೋನಿಯಂ ತಂದರು. ಅದರ ಜೊತೆ ನುಡಿಸಲು ತಂತಿಯನ್ನು ಒಂದು ಎಳೆ ಇಳಿಸಿಕೊಂಡೆ. ಸ, ಪ ಕೂಡಿತು, ಗ ಕೂಡಲಿಲ್ಲ. ನನ್ನ ಗೀಟು 12ಕ್ಕಿದೆ, ಹಾರ್ಮೋನಿಯಂ ಗ ಸಿಗುವುದು 12.4ರ ಹತ್ತಿರ. 4 ಮಿ.ಮೀ. ಏರು. ಹಾರ್ಮೋನಿಯಂನಲ್ಲಿ ಎಲ್ಲ ಮನೆಯಿಂದಲೂ ಹಾಡಲು ಆಗಲಿ ಅಂತ 12 ಮನೆಗಳನ್ನೂ ಸಮನಾಗಿ ಹಂಚಿರುತ್ತಾರೆ, ಅದಕ್ಕೇ ಹೀಗೆ ಅಂತ ಮಾವ ವಿವರಿಸಿದರು. ಸರಿ ಯಾವುದು ಅಂತ ಇಬ್ಬರೂ ಮಾತಾಡುತ್ತಿದ್ದೆವು. ಒಳಗಿದ್ದ ಅವ್ವನನ್ನು ಕರೆದು, ಬರೀ ಸ ಮೀಟಿ, ಗ ಹಾಡು ಅಂದೆ. ಅವಳಿಗೆ ಗ ಅಂದರೆ ಯಾವುದು ಅಂತ ಗೊತ್ತಿಲ್ಲ. ಭಜನೆಯ ಒಂದು ಸಾಲು ಎತ್ತಿ ಆ ಜಾಗದಲ್ಲಿ ನಿಂತಳು. ಪಿನ್ ಜಾರಿಸಿ ಅವಳ ದನಿ ಹುಡುಕಿದೆ. 12ರ ಗೀಟಿನ ಮೇಲೆ ಬಂದು ನಿಂತಿತು.

ಮುಚ್ಚಳದ ಅಡಿಗೆ, ನಡುಕವನ್ನು ಕರೆಂಟಾಗಿ ಮಾಡುವ ಒಂದು ಪಿಯೆಜೊ ಬಿಲ್ಲೆಯನ್ನೂ ಅಂಟಿಸಿದ್ದೇನೆ, ಗುಡಿಯ ಆಂಪ್ಲಿಫೈಯರಿಗೆ ಕೊಡಲು. ಇಪ್ಪತ್ತು ರೂಪಾಯಿಯ ಬಿಲ್ಲೆ, ಎರಡು ಬೆಸುಗೆ, ಒಂದು ಜ್ಯಾಕ್. ಬಲೆ ಹೆಣೆದ ವೈರನ್ನೇ ಹಾಕಿ, ಇಲ್ಲದಿದ್ದರೆ ಕರೆಂಟಿನ ಗುಂಯ್ ಒಳಗೆ ನುಗ್ಗುತ್ತದೆ. ನಮ್ಮ ಭಜನೆಗೆ ಅದರ ಅಗತ್ಯ ಬೀಳಲಿಲ್ಲ. ಸ್ಪೀಕರಿನಿಂದ ಬಂದ ಸದ್ದಿಗಿಂತ ಪೆಟ್ಟಿಗೆಯ ಸದ್ದೇ ಅವ್ವನಿಗೆ ಹಿತ. ಕೊನೆಗೆ ಮೋಟರಿಗೆ ಹಚ್ಚುವ ವಾರ್ನಿಷನ್ನೇ ದಂಡಿಗೆ ಎರಡು ಕೋಟ್ ಕೊಟ್ಟೆ. ಮುಚ್ಚಳಕ್ಕೆ ಹಚ್ಚಲಿಲ್ಲ, ಅದು ಇನ್ನಷ್ಟು ಬಿರುಸಾಗುವುದು ಬೇಡ ಅಂತ.

ಶ್ರಾವಣದ ಒಂದು ಸೋಮವಾರ ಮಳೆ ಜೋರು. ಗುಡಿಗೆ ಹೋಗಲು ಆಗಲಿಲ್ಲ. ಅವ್ವ ಅಂಗಡಿಯ ಕಟ್ಟೆಯ ಮೇಲೇ ಚಾಪೆ ಹಾಸಿಕೊಂಡು ಕೂತಳು. ನಾನು ಟಿಸಿಗೆ ಶ್ರುತಿ ಮಾಡಿ ಮೂರು ತಂತಿ ಮೀಟುತ್ತಾ ಕೂತೆ. ಅವಳು ಹಾಡುತ್ತಾ ಹೋದಳು. ಉಸಿರು ತೆಗೆದುಕೊಳ್ಳುವಾಗ ನಾನೂ ಕೈ ತಡೆಯುತ್ತಿದ್ದೆ. ಎರಡನೆಯ ಪದದ ನಡುವೆ ಕರೆಂಟು ಹೋಯಿತು. ಟಿಸಿ ಒಮ್ಮೆಲೇ ಸುಮ್ಮನಾಯಿತು. ಓಣಿ ಕತ್ತಲು, ಮಳೆಯ ಸದ್ದು ಮಾತ್ರ. ಅವ್ವ ನಿಲ್ಲಿಸಲಿಲ್ಲ. ನಾನೂ ಮೀಟುತ್ತಲೇ ಇದ್ದೆ. ಗೀಟು ಕಾಣದೆ ಪಿನ್ ಪಕ್ಕಕ್ಕಿಟ್ಟು ಬರೀ ಸ, ಪ, ಸ.

ಪದ ಮುಗಿದ ಮೇಲೆ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕತ್ತಲಲ್ಲೇ ಅಂದಳು: "ನಡುವಿನ ತಂತಿ ಒಂಚೂರು ಇಳಿದಿದೆ ನೋಡು."

ಕೈಯಾಡಿಸಿ ಕಿವಿ ಹುಡುಕಿ ಒಂದು ಹಲ್ಲಿನಷ್ಟು ತಿರುವಿದೆ.

"ಹಾಂ, ಈಗ ಸರಿ" ಅಂದಳು.